ಹಳೆಯದು ಕೊನೆಗೆ ಹೋಗುತ್ತದೆ

ಏಪ್ರಿಲ್ 7, 2014

ಸಬೀನಾ,

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಐದನೆಯ ಸಲ ಎತ್ತಿದೆ, ನನ್ನ ದನಿ ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಕಾಗದವನ್ನು ಹರಿದು ಹಾಕಬಹುದು ನಿಜ, ಆದರೆ ಹರಿಯುವ ಮೊದಲು ಯಾರಾದರೂ ಒಂದು ಸಾಲು ಓದಿಯೇ ಓದುತ್ತಾರೆ. ಕಾನ್ಸ್ತಿತುಸಿಯೊನ್ ಸ್ಟೇಷನ್ನಿನಿಂದ ಹೊರಡುವ ರೈಲಿನಲ್ಲಿ ಇಪ್ಪತ್ತೈದು ವರ್ಷ ಸೂಜಿ, ಬಾಚಣಿಗೆ, ಬ್ಯಾಟರಿ ಮಾರಿದವನಿಗೆ ಅಷ್ಟಾದರೂ ಗೊತ್ತಿದೆ.

ನಿನ್ನ ಚಿಕ್ಕಮ್ಮ ಓಲ್ಗಾ ಇಲ್ಲಿ ಜೈಲಿಗೆ ಭೇಟಿಗೆ ಬಂದಿದ್ದಳು. ಎಲ್ಲ ಹೇಳಿದಳು. ಅಮ್ಮ ನೀರು ಕಾಯಲು ಇಟ್ಟು ಹೊರಗೆ ಹೋದದ್ದು, ಟೆಂಪರ್ಲಿ ಸ್ಟೇಷನ್ನಿನ ಬೆಂಚಿನ ಮೇಲೆ ಎರಡು ತಾಸಾದ ಮೇಲೆ ಸಿಕ್ಕಿದ್ದು, ಡಾಕ್ಟರು ಕಾಯಿಲೆಗೆ ಹೆಸರಿಟ್ಟದ್ದು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ ವರ್ಷ, ಆಮೇಲೆ ಮನೆಯವರ ಗುರುತೂ ಸಿಗದು ಎಂದರಂತೆ. ನೀನು ಇದನ್ನು ನನಗೆ ತಿಳಿಸಲಿಲ್ಲ. ತಿಳಿಸಬೇಕಾಗಿತ್ತು ಎನ್ನುವ ಹಕ್ಕು ನನಗಿಲ್ಲ, ಗೊತ್ತು.

ಈಗ ನನ್ನ ಲೆಕ್ಕ ಕೇಳು. ಐದು ವರ್ಷದ ಶಿಕ್ಷೆ. ಮೂರರಲ್ಲಿ ಎರಡು ಪಾಲು ಮುಗಿದರೆ ಷರತ್ತಿನ ಬಿಡುಗಡೆಗೆ ಅರ್ಜಿ ಹಾಕಬಹುದು, ಅಂದರೆ ಡಿಸೆಂಬರ್. ಇಲ್ಲಿ ವಿಶ್ವವಿದ್ಯಾಲಯದವರು ಬಂದು ಪಾಠ ಮಾಡುತ್ತಾರೆ. ಒಂದು ವಿಷಯ ಪಾಸಾದರೆ ಒಂದು ತಿಂಗಳು ಕಡಿತ. ಆಗ ನವೆಂಬರ್. ಜಾಗ ಖಾಲಿ ಇದ್ದದ್ದು ಒಂದೇ ವಿಷಯದಲ್ಲಿ: ಮನಶ್ಶಾಸ್ತ್ರದ ಪರಿಚಯ. ಸೇರಿದೆ. ನಗಬೇಡ.

ಪಾಠ ಹೇಳುವವರು ಗ್ರಿನ್‌ಸ್ಪಾನ್ ಅಂತ, ಅರವತ್ತು ದಾಟಿದ ಗಿಡ್ಡ ಹೆಂಗಸು. ಮೊದಲ ದಿನ ಬಂದವರೇ ಕೇಳಿದರು: "ಮನಶ್ಶಾಸ್ತ್ರ ಅಂದ್ರೆ ಏನ್ರಪ್ಪಾ?"

ನನ್ನ ಪಕ್ಕದ ಮಂಚದ ಗೊರೊಸಿಟೊ ಎದ್ದ. "ಎದುರಿಗಿರೋನ ಮನಸ್ಸಲ್ಲಿ ಏನಿದೆ ಅಂತ ಓದೋದು, ಡಾಕ್ಟ್ರೇ."

"ಹಂಗಾದ್ರೆ ನನ್ನ ಮನಸ್ಸಲ್ಲಿ ಈಗ ಏನಿದೆ, ಓದು ನೋಡೋಣ."

"ಈ ಕಳ್ರ ಮಧ್ಯೆಯಿಂದ ಬೇಗ ಮನೆಗೆ ಹೋಗ್ಬೇಕು ಅಂತ."

"ತಪ್ಪು. ಗೇಟಲ್ಲಿ ನನ್ನ ಚೀಸ್ ಸ್ಯಾಂಡ್‌ವಿಚ್ ಕಿತ್ಕೊಂಡ್ರು. ಅದನ್ನೇ ನೆನಸ್ತಾ ಇದೀನಿ. ಕೂತ್ಕೋ. ಇವತ್ತಿನ ಪಾಠ ಇಷ್ಟೇ: ಊಹೆ ಬೇರೆ, ತಿಳಿಯೋದು ಬೇರೆ."

ನನಗೆ ಬೇಕಾದ್ದು ಒಂದೇ. ನಿನ್ನ ಅಮ್ಮ, ನನ್ನ ನೆಲಿಡಾ, ನನ್ನನ್ನು ಮರೆಯುವ ಮೊದಲು ಅವಳೆದುರು ಒಂದು ಸಲ ನಿಲ್ಲಬೇಕು. ಉತ್ತರ ಬರಿ, ಬೈದಾದರೂ ಬರಿ.

ನಿನ್ನ ಅಪ್ಪ,
ಎವಾರಿಸ್ಟೊ


ಮೇ 2

ಅಪ್ಪ,

ಅಮ್ಮನ ವಿಷಯ ಅಂತ ಬರೆಯುತ್ತಿದ್ದೇನೆ, ಬೇರೆ ಏನೂ ತಿಳಿದುಕೊಳ್ಳಬೇಡ.

ಅವಳು ಊಟ ಮಾಡುತ್ತಾಳೆ. ಬಟ್ಟೆ ತಿರುವುಮುರುವಾಗಿ ಹಾಕಿಕೊಳ್ಳುತ್ತಾಳೆ. ಬೆಳಿಗ್ಗೆ ನಾನು ಔಷಧಿ ಅಂಗಡಿಯ ಕೆಲಸಕ್ಕೆ ಹೋದಾಗ ಪಕ್ಕದ ಮನೆಯ ಹೆಂಗಸು ಬಂದು ಕೂರುತ್ತಾಳೆ. ಸಂಜೆ ಐದಾದರೆ ಕಿಟಕಿಯ ಹತ್ತಿರ ಹೋಗಿ "ಎವಾರಿಸ್ಟೊ ಬಂದ್ನಾ?" ಎಂದು ಕೇಳುತ್ತಾಳೆ. ದಿನಾ. ನಾನು "ಇನ್ನೂ ಇಲ್ಲ" ಎನ್ನುತ್ತೇನೆ. ಹತ್ತು ನಿಮಿಷದ ಮೇಲೆ ಮತ್ತೆ ಕೇಳುತ್ತಾಳೆ.

ಒಂದೇ ಮನೆಯನ್ನು ಒಂಬತ್ತು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟು ಎಲ್ಲರ ಮುಂಗಡ ನುಂಗಿದೆಯಲ್ಲ, ಅದರಲ್ಲಿ ಒಂದು ಲೊರೆನಾಳ ಅಮ್ಮನ ಸಂಸಾರ. ಲೊರೆನಾ ನನ್ನ ಜೊತೆ ಓದಿದವಳು. ಈಗಲೂ ರಸ್ತೆಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ದಾಟುತ್ತಾಳೆ. ನೀನು ಮನಶ್ಶಾಸ್ತ್ರ ಓದುತ್ತಿದ್ದೀಯ ಎಂದು ಅವಳಿಗೆ ಹೇಳಬೇಕು ಅನ್ನಿಸಿತು. ನಗಲಿ ಪಾಪ, ಬಹಳ ದಿನವಾಗಿದೆ.

ಸಬೀನಾ


ಮೇ 19

ಮಗಳೇ,

ನಿನ್ನ ಕಾಗದ ಹದಿನೇಳು ಸಾಲು. ದಿನಕ್ಕೊಂದು ಸಾಲಿನಂತೆ ಓದಿದೆ.

ಇಲ್ಲಿ ಪಾಠ ನಡೆದಿದೆ. ಈ ಶಾಸ್ತ್ರಕ್ಕೆ ಇನ್ನೂ ನೂರೈವತ್ತು ವರ್ಷ ಆಗಿಲ್ಲವಂತೆ. ಜರ್ಮನಿಯಲ್ಲೊಬ್ಬ ಮೇಷ್ಟ್ರು ಒಂದು ಕೋಣೆಯಲ್ಲಿ ಗಡಿಯಾರ, ಗುಂಡಿಗಳನ್ನಿಟ್ಟು ಜನರನ್ನು ಕೂರಿಸಿದ. ಗಂಟೆ ಬಾರಿಸಿದ್ದಕ್ಕೂ ಅವರು ಗುಂಡಿ ಒತ್ತಿದ್ದಕ್ಕೂ ನಡುವೆ ಎಷ್ಟು ಹೊತ್ತಾಯಿತೆಂದು ಅಳೆದ. ಅದೇ ಶುರು. ಅಲ್ಲಿಯವರೆಗೆ ಮನಸ್ಸಿನ ವಿಷಯ ಯಾರು ಬೇಕಾದರೂ ಏನು ಬೇಕಾದರೂ ಹೇಳುತ್ತಿದ್ದರು, ಅಳೆದವರಿರಲಿಲ್ಲ. ಆಮೇಲೆ ಇನ್ನೊಬ್ಬರು ಬಂದು, ಒಳಗೆ ಏನಿದೆಯೋ ಯಾರು ಕಂಡವರು, ಹೊರಗೆ ಮನುಷ್ಯ ಏನು ಮಾಡುತ್ತಾನೆ ಅಷ್ಟನ್ನೇ ನೋಡಿ ಎಂದರು. ಮತ್ತೊಬ್ಬರು, ಇಲ್ಲ, ನಿಜವಾದದ್ದೆಲ್ಲ ಒಳಗೆ ಅಡಗಿ ಕೂತಿದೆ, ಮಂಚದ ಮೇಲೆ ಮಲಗಿ ಮಾತಾಡಿ ಎಂದರು. ನಮ್ಮ ಬ್ಯೂನಸ್ ಐರಿಸ್ಸಿನವರು ಈ ಮೂರನೆಯವರ ಪಾಲಾದರು. ಬಸ್ ಡ್ರೈವರನಿಗೂ ವಾರಕ್ಕೊಂದು ದಿನ ಮಂಚ ಬೇಕು.

"ಇವ್ರಲ್ಲಿ ಯಾರು ಸರಿ?" ಅಂತ ಕೇಳಿದೆ.

ಗ್ರಿನ್‌ಸ್ಪಾನ್ ಕನ್ನಡಕ ಒರೆಸಿಕೊಂಡರು. "ನೀವು ರೈಲಲ್ಲಿ ಮಾರ್ತಾ ಇದ್ರಲ್ಲ, ಎಲ್ಲ ಡಬ್ಬೀಲೂ ಒಂದೇ ಮಾತಾಡ್ತಿದ್ರಾ?"

"ಇಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು. ಮುದುಕೀರಿಗೆ ಬೇರೆ."

"ಹಾಗೇ. ನಾವಿನ್ನೂ ಡಬ್ಬಿ ಬದಲಾಯಿಸ್ತಾ ಇದೀವಿ."

ಮುಂದಿನ ಪಾಠ ನೆನಪಿನದು. ಅದಕ್ಕಾಗಿಯೇ ಕಾದಿದ್ದೇನೆ. ಅಮ್ಮ ಏನನ್ನು ಮರೆತಿದ್ದಾಳೆ, ಏನನ್ನು ಇನ್ನೂ ಮರೆತಿಲ್ಲ, ಒಂದು ಪಟ್ಟಿ ಬರೆದು ಕಳಿಸುತ್ತೀಯಾ?

ಅಪ್ಪ


ಜೂನ್ 11

ಅಪ್ಪ,

ಮರೆತದ್ದು: ನೀನು ಜೈಲಿಗೆ ಹೋದದ್ದು. ಈಗಿನ ಅಧ್ಯಕ್ಷರು ಯಾರು ಎನ್ನುವುದು. ಓಲ್ಗಾ ಚಿಕ್ಕಮ್ಮನ ಗಂಡ ಸತ್ತದ್ದು. ಪ್ರತಿ ಸಲ ಹೊಸದಾಗಿ ಅಳುತ್ತಾಳೆ, ಅದಕ್ಕೆ ಹೇಳುವುದನ್ನೇ ಬಿಟ್ಟಿದ್ದೇನೆ. ಅಡುಗೆಮನೆಯ ಹೊಸ ಬಾಗಿಲು ಎಲ್ಲಿದೆ ಎನ್ನುವುದು. ಹಳೆಯ ಬಾಗಿಲಿದ್ದ ಗೋಡೆಗೆ ಹೋಗಿ ಕೈಯಿಂದ ತಡವುತ್ತಾಳೆ.

ಮರೆಯದ್ದು: ನಿನ್ನ ಹೆಸರು. ಅವಳ ಅಮ್ಮನ ಹಾಡುಗಳು. ನೀನು ಎಡಗೈಯಲ್ಲಿ ಉಣ್ಣುತ್ತಿದ್ದದ್ದು. ನನಗೆ ಸೀತಾಳೆ ಸಿಡುಬು ಬಂದಾಗ ಮುಖಕ್ಕೆ ಹಚ್ಚಿದ ಔಷಧಿಯ ಬಣ್ಣ.

ಪಟ್ಟಿ ಬರೆಯುವಾಗ ಅವಳು ಪಕ್ಕದಲ್ಲೇ ಕೂತಿದ್ದಳು. "ಏನ್ ಬರೀತಿದೀಯ?" ಎಂದಳು. ಸಾಮಾನಿನ ಪಟ್ಟಿ ಎಂದೆ. "ಸಕ್ಕರೆ ಹಾಕು," ಎಂದಳು.

ಸಬೀನಾ


ಜುಲೈ 28

ಸಬೀನಾ,

ಪಾಸಾದೆ! ಹತ್ತಕ್ಕೆ ಏಳು. ಬಾಯಿಪರೀಕ್ಷೆ. ಮೇಜಿನ ಆಚೆ ಮೂವರು, ಈಚೆ ನಾನೊಬ್ಬ. ಚೀಟಿ ಎತ್ತಿದಾಗ ಬಂದದ್ದು ನೆನಪಿನ ಪಾಠ. ಇದಕ್ಕಿಂತ ಸುಲಭದ ಗಿರಾಕಿ ನನಗೆ ಇಡೀ ಜೀವಮಾನದಲ್ಲಿ ಸಿಕ್ಕಿರಲಿಲ್ಲ. ಇಪ್ಪತ್ತು ನಿಮಿಷ ಮಾತಾಡಿದೆ. ಕೊನೆಗೆ ಅವರೇ ಕೈಮುಗಿದು ಸಾಕು ಎಂದರು.

ಈಗ ಇದನ್ನು ಗಮನವಿಟ್ಟು ಓದು. ನಿನ್ನ ಪಟ್ಟಿಯನ್ನು ಗ್ರಿನ್‌ಸ್ಪಾನ್‌ಗೆ ತೋರಿಸಿದೆ. ಅವರು ತುಂಬ ಹೊತ್ತು ನೋಡಿ, "ಈ ಕಾಯಿಲೆ ಹೊಸ ನೆನಪನ್ನ ಮೊದಲು ತಿನ್ನುತ್ತೆ. ಹಳೇದು ಕೊನೆಗೆ ಹೋಗುತ್ತೆ. ಸಾಮಾನ್ಯವಾಗಿ," ಎಂದರು. ಆ ಕೊನೆಯ ಮಾತೊಂದನ್ನು ಬಿಟ್ಟು ಉಳಿದದ್ದನ್ನು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ನೆಲಿಡಾ ಮತ್ತು ನಾನು ಸಿಕ್ಕಿದ್ದು 1981ರಲ್ಲಿ. ಅಂದರೆ ನಾನು ಮೂವತ್ತಮೂರು ವರ್ಷ ಆಳದಲ್ಲಿದ್ದೇನೆ. ಹೊಸ ಬಾಗಿಲು ಎಂಟು ವರ್ಷದ್ದು, ಹೋಯಿತು. ಓಲ್ಗಾಳ ಗಂಡನ ಸಾವು ಹನ್ನೊಂದು ವರ್ಷದ್ದು, ಹೋಯಿತು. ನೀನು ಇಪ್ಪತ್ತೊಂಬತ್ತು. ನನ್ನವರೆಗೆ ಬರಬೇಕಾದರೆ ಆ ಕಾಯಿಲೆ ಇನ್ನೂ ಎಷ್ಟೊಂದನ್ನು ತಿನ್ನಬೇಕು! ನವೆಂಬರಿಗೆ ಇನ್ನು ನಾಲ್ಕೇ ತಿಂಗಳು. ನಾನು ಗೆಲ್ಲುತ್ತೇನೆ, ಮಗಳೇ. ಶಾಸ್ತ್ರವೇ ನನ್ನ ಕಡೆಗಿದೆ.

ಉಳಿದಿರುವುದು ಬಿಡುಗಡೆ ಮಂಡಳಿಯ ವರದಿಯೊಂದು. ಸೆಪ್ಟೆಂಬರಿನಲ್ಲಿ ಅವರ ಮನಶ್ಶಾಸ್ತ್ರಜ್ಞೆ, ಇಬಾರ್ರಾ ಅಂತ, ನಮ್ಮನ್ನೆಲ್ಲ ಕರೆದು ನೋಡುತ್ತಾಳೆ. ಅದರ ಚಿಂತೆ ನನಗೆ ಬಿಡು.

ಅಪ್ಪ


ಆಗಸ್ಟ್ 30

ಅಪ್ಪ,

ನಿನ್ನ ಲೆಕ್ಕ ಸರಿ ಇದೆ. ಮೊನ್ನೆ ಭಾನುವಾರ ಅಮ್ಮ ನನ್ನನ್ನು "ಮೇಡಂ" ಎಂದು ಕರೆದಳು. ತಲೆ ಬಾಚಿದ್ದಕ್ಕೆ ಥ್ಯಾಂಕ್ಸ್ ಹೇಳಿದಳು. ಆಮೇಲೆ ತನ್ನ ಮಗಳು ಶಾಲೆಯಿಂದ ಬರುವ ಹೊತ್ತಾಯಿತು, ನೀವಿನ್ನು ಹೊರಡಬಹುದು ಎಂದಳು.

ಹೊರಗೆ ಹೋಗಿ ಬಾಗಿಲಲ್ಲಿ ನಿಂತಿದ್ದು ಮತ್ತೆ ಒಳಗೆ ಬಂದೆ.

ಇಪ್ಪತ್ತೊಂಬತ್ತು ಹೋಯಿತು. ಮೂವತ್ತಮೂರು ಇನ್ನೂ ಇದೆ. ಸಂತೋಷವೇ?

ಸಬೀನಾ


ಸೆಪ್ಟೆಂಬರ್ 8

ಸಬೀನಾ,

ಆ ಲೆಕ್ಕ ನಾನು ಬರೆಯಬಾರದಿತ್ತು. ಬರೆಯುವಾಗ ಅದರಲ್ಲಿ ನೀನು ಇದ್ದೀಯ ಎನ್ನುವುದೇ ಕಾಣಲಿಲ್ಲ, ನನ್ನ ಅಂಕಿ ಮಾತ್ರ ಕಂಡಿತು. ಇದಕ್ಕೂ ಪಾಠದಲ್ಲಿ ಒಂದು ಹೆಸರಿದೆ. ಹೆಸರು ಗೊತ್ತಾದ ಮಾತ್ರಕ್ಕೆ ಏನೂ ಆಗುವುದಿಲ್ಲ.

ಇನ್ನೂ ಬೇಗ ಬರಬೇಕು, ಅಷ್ಟೇ. ಮುಂದಿನ ವಾರ ಇಬಾರ್ರಾಳ ಪರೀಕ್ಷೆ. ಕಾಗದ, ಪೆನ್ಸಿಲ್ ಕೊಟ್ಟು ಮಳೆಯಲ್ಲಿ ನಿಂತ ಮನುಷ್ಯನ ಚಿತ್ರ ಬಿಡಿಸಿ ಎನ್ನುತ್ತಾಳಂತೆ. ಈ ಊರಲ್ಲಿ ಅಂಗಡಿ ಕೆಲಸಕ್ಕೆ ಹೋದರೂ ಅದೇ ಚಿತ್ರ ಬಿಡಿಸಬೇಕಲ್ಲ, ನೀನೂ ಬಿಡಿಸಿರಬೇಕು. ಛತ್ರಿ ಹಾಕಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ನಾನು ಮೇಲಿನ ತರಗತಿಯವನ ನೋಟ್ಸ್ ತಂದು ಓದಿದ್ದೇನೆ. ಕಾಲ ಕೆಳಗೆ ನೆಲದ ಗೆರೆ ಇರಬೇಕು. ಕೈಗಳು ಜೇಬಿನಲ್ಲಿ ಅಡಗಬಾರದು. ಮೋಡ ದೊಡ್ಡದಾಗಬಾರದು. ಒಂದು ಸಣ್ಣ ನೀರಿನ ಗುಂಡಿ ಇರಲಿ, ಆದರೆ ಕಾಲು ಅದರೊಳಗೆ ಬೇಡ: ಕಷ್ಟ ಕಾಣಿಸುತ್ತದೆ, ದಾಟುತ್ತೇನೆ ಎಂದರ್ಥ.

ಬ್ಲಾಕಿನಲ್ಲಿ ಇನ್ನೂ ಹತ್ತು ಜನರದ್ದು ಅದೇ ವಾರ. ಗೊರೊಸಿಟೊ ತನಗೆ ಹುಟ್ಟಿದ ಮಗುವನ್ನು ಇನ್ನೂ ನೋಡಿಲ್ಲ. "ಮೇಷ್ಟ್ರೇ, ನಂಗೂ ಹೇಳ್ಕೊಡಿ, ನಾನು ಹಾಕಿದ ಮನುಷ್ಯ ಆಲೂಗಡ್ಡೆ ಥರ ಕಾಣ್ತಾನೆ," ಎಂದು ಗೋಗರೆದ. ಎಲ್ಲರನ್ನೂ ಕೂರಿಸಿ ಹೇಳಿಕೊಟ್ಟೆ. ಬಿಟ್ಟಿಯಾಗಿ, ನಂಬು. ಇಷ್ಟು ವರ್ಷದಲ್ಲಿ ಮೊದಲ ಸಲ ನಾಲ್ಕು ಜನಕ್ಕೆ ಉಪಕಾರ ಮಾಡಿದ ಹಾಗೆ ಅನ್ನಿಸಿತು.

ಅಪ್ಪ


ಅಕ್ಟೋಬರ್ 6

ಸಬೀನಾ,

ಇಲ್ಲ ಎಂದರು.

ಇಬಾರ್ರಾ ಕರೆಸಿದಳು. ಮೇಜಿನ ಮೇಲೆ ಹನ್ನೊಂದು ಹಾಳೆಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಹರಡಿದ್ದಳು. ಹನ್ನೊಂದು ಜನ ಮಳೆಯಲ್ಲಿ ನಿಂತಿದ್ದರು. ಹನ್ನೊಂದು ಛತ್ರಿ, ಎಲ್ಲವೂ ಎಡಗೈಯಲ್ಲಿ. ಹನ್ನೊಂದು ನೆಲದ ಗೆರೆ. ಹನ್ನೊಂದು ನೀರಿನ ಗುಂಡಿ, ಎಲ್ಲವೂ ಬಲಪಾದದಿಂದ ಎರಡು ಬೆರಳು ಆಚೆಗೆ. ನಾನು ಎಡಗೈಯವನು ಎನ್ನುವುದು ನನಗೇ ಆಗ ನೆನಪಾಯಿತು.

"ಸೆನ್ಯೋರ್ ಲಮಾನ್ನಾ, ನಿಮ್ಮ ಬ್ಲಾಕಲ್ಲಿ ಎಲ್ರೂ ಒಂದೇ ಅಂಗಡೀಲಿ ಛತ್ರಿ ತಗೊಂಡ್ರಾ?"

"ಮಳೆನೂ ಎಲ್ರಿಗೂ ಒಂದೇ ಅಲ್ವಾ, ಡಾಕ್ಟ್ರೇ?"

ಅವಳು ನಗಲಿಲ್ಲ. "ನೀವು ಮಳೇಲಿ ಹೇಗೆ ನಿಲ್ತೀರಿ ಅಂತ ನೋಡೋಕೆ ಕೇಳಿದ್ದು ನಾನು. ನಿಮ್ದನ್ನ ನೀವು ಮುಚ್ಚಿಟ್ಟುಕೊಂಡ್ರಿ, ಸರಿ. ಇನ್ನೂ ಹತ್ತು ಜನರದ್ದನ್ನೂ ಅಳಿಸಿಬಿಟ್ರಲ್ಲ. ಇವ್ರಲ್ಲಿ ಯಾರಿಗೆ ಸಹಾಯ ಬೇಕಿತ್ತು ಅಂತ ಈಗ ನಾನು ಹೇಗೆ ತಿಳ್ಕೊಳ್ಳಲಿ?"

ನನ್ನ ಹೆಂಡತಿಯ ವಿಷಯ ಹೇಳಿದೆ. ಹೇಳುತ್ತ ಅತ್ತೆ. ನಿಜವಾಗಿ ಅತ್ತೆ, ಸಬೀನಾ. ಅವಳು ನನ್ನ ಕಣ್ಣೀರನ್ನೂ ಹನ್ನೆರಡನೆಯ ಛತ್ರಿಯ ಹಾಗೆ ನೋಡಿದಳು. ಅವಳ ತಪ್ಪಲ್ಲ. ನಾನೇ ಆ ಜಾಗದಲ್ಲಿದ್ದರೂ ಹಾಗೇ ನೋಡುತ್ತಿದ್ದೆ.

ವರದಿಯಲ್ಲಿ ಬರೆದಿದ್ದಾರೆ: "ಬುದ್ಧಿವಂತ. ತನ್ನ ಬುದ್ಧಿಯನ್ನು ಇತರರನ್ನು ತನಗೆ ಬೇಕಾದಂತೆ ನಡೆಸಲು ಬಳಸುತ್ತಾನೆ. ಪಶ್ಚಾತ್ತಾಪವು ಕಲಿತು ಒಪ್ಪಿಸಿದಂತಿದೆ." ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು. ಹನ್ನೊಂದು ಜನರಿಗೂ ಇದೇ ಉತ್ತರ. ಊಟದ ಹೊತ್ತಿಗೆ ಗೊರೊಸಿಟೊ ತನ್ನ ಪಕ್ಕದಲ್ಲಿದ್ದ ನನ್ನ ತಟ್ಟೆಯನ್ನು ಎತ್ತಿ ಬೇರೆ ಮೇಜಿನ ಮೇಲಿಟ್ಟ. ಅವನು ಹೊಡೆದಿದ್ದರೆ ಚೆನ್ನಾಗಿತ್ತು.

ಆರು ತಿಂಗಳೆಂದರೆ ಏಪ್ರಿಲ್. ಏಪ್ರಿಲಿನಲ್ಲಿ ಅವಳ ಹತ್ತಿರ ಏನುಳಿದಿರುತ್ತದೆ? ಒಂದೇ ಒಂದು ಸಲ ಅವಳನ್ನು ಇಲ್ಲಿಗೆ ಕರೆದುಕೊಂಡು ಬಾ. ಗೇಟಿನಲ್ಲಿ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡುತ್ತಾರೆ, ಗೊತ್ತು. ಅವಳು ಹೆದರುತ್ತಾಳೆ, ಅದೂ ಗೊತ್ತು. ಗೊತ್ತಿದ್ದೂ ಕೇಳುತ್ತಿದ್ದೇನೆ. ನಾನು ಎಷ್ಟು ಕೆಳಗಿಳಿದಿದ್ದೇನೆ ನೋಡು. ನಿನ್ನ ಕಾಲು ಹಿಡಿಯುತ್ತೇನೆ.

ಎವಾರಿಸ್ಟೊ


ಅಕ್ಟೋಬರ್ 27

ಅಪ್ಪ,

ಅಮ್ಮನನ್ನು ಅಲ್ಲಿಗೆ ಕರೆತರುವುದಿಲ್ಲ. ಸ್ನಾನಕ್ಕೆ ಬಟ್ಟೆ ಬಿಚ್ಚಲು ಹೋದರೆ ನನ್ನನ್ನೇ ಹೊಡೆಯುತ್ತಾಳೆ. ಅಪರಿಚಿತರ ಕೈಗೆ ಕೊಡಲಾರೆ.

ಡಾಕ್ಟರ ಪತ್ರ ಹಿಡಿದು ನಿನ್ನ ನ್ಯಾಯಾಧೀಶರ ಕಚೇರಿಗೆ ಮೂರು ದಿನ ಹೋದೆ. ಮೂರನೆಯ ದಿನ ಗುಮಾಸ್ತ ನನ್ನ ಮುಖ ನೋಡಿ ಬೇಸತ್ತು ಒಳಗೆ ಬಿಟ್ಟ. ನವೆಂಬರ್ 22, ಶನಿವಾರ, ಮಧ್ಯಾಹ್ನ ಮೂರರಿಂದ ಐದು. ಇಬ್ಬರು ಪೊಲೀಸರ ಜೊತೆ. ಮನೆಗೆ.

ನಿನಗಾಗಿ ಮಾಡಿದ್ದಲ್ಲ. ಸಂಜೆ ಐದಕ್ಕೆ ಅವಳು ಕೇಳುವ ಆ ಪ್ರಶ್ನೆಗೆ ಒಂದು ದಿನವಾದರೂ "ಬಂದ" ಎನ್ನಬೇಕು ಎಂದು ಮಾಡಿದ್ದು.

ಸಬೀನಾ


ನವೆಂಬರ್ 24

ಸಬೀನಾ,

ಬಾಗಿಲಲ್ಲಿ ನನ್ನ ಕೈಕೋಳ ಬಿಚ್ಚಿಸಿ, ಪೊಲೀಸರನ್ನು ಅಡುಗೆಮನೆಗೆ ಕರೆದು ಟೀ ಕೊಡುತ್ತ ನೀನು ಅಲ್ಲೇ ಇದ್ದುಬಿಟ್ಟೆ. ನಮ್ಮಿಬ್ಬರನ್ನೇ ಬಿಡಲಿ ಎಂದು ಹಾಗೆ ಮಾಡಿದೆ, ಗೊತ್ತು. ಹೊರಡುವಾಗ "ಗುರುತು ಹಿಡಿದಳಾ?" ಎಂದು ಕೇಳಿದೆ. ನಾನು ಉತ್ತರ ಕೊಡದೆ ವ್ಯಾನ್ ಹತ್ತಿದೆ. ಈಗ ಬರೆಯುತ್ತೇನೆ.

ಅವಳು ಕಿಟಕಿಯ ಬಳಿ ಕೂತಿದ್ದಳು. ಕೂದಲು ಚೆನ್ನಾಗಿ ಬಾಚಿದ್ದೀಯ. ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ಯಾರನ್ನ ನೋಡ್ಬೇಕಿತ್ತು?"

"ನೆಲಿಡಾನ್ನ."

"ನಾನೇ. ಕೂತ್ಕೊಳ್ಳಿ. ನನ್ನ ಗಂಡನ ಹತ್ರ ಕೆಲಸ ಇದ್ರೆ ಅವ್ನು ಈಗಿಲ್ಲ. ಬರೋ ವಾರ ಬಿಡ್ತಾರೆ."

"ಎಲ್ಲಿಂದ?"

ಅವಳು ಅಡುಗೆಮನೆಯ ಕಡೆ ನೋಡಿ, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ಜೈಲಿಂದ. ಮೆಲ್ಲಗೆ ಮಾತಾಡಿ, ಮಗೂಗೆ ಕೇಳ್ಸುತ್ತೆ. ಇನ್ನೂ ಏಳು ವರ್ಷ ಅದಕ್ಕೆ. ಅಪ್ಪ ದಕ್ಷಿಣದ ಕೊಮೊದೊರೊದಲ್ಲಿ ಎಣ್ಣೆ ಬಾವಿ ಕೆಲಸಕ್ಕೆ ಹೋಗಿದಾನೆ ಅಂದಿದೀನಿ. ಅಪ್ಪನ ಕಾಗದ ಅಂತ ನಾನೇ ಬರೆದು ನಾನೇ ಓದಿ ಹೇಳ್ತೀನಿ. ಸಮುದ್ರ ಸಿಂಹ ಅಂತೆ, ಗಾಳಿ ಅಂತೆ. ನಾನು ಈ ಊರು ಬಿಟ್ಟು ಎಲ್ಲೂ ಹೋದೋಳಲ್ಲ ಸ್ವಾಮಿ, ಅಲ್ಲಿ ಗಾಳಿ ಹೇಗೆ ಬೀಸುತ್ತೋ ನಂಗೇನ್ ಗೊತ್ತು?"

ಸಬೀನಾ, ಇದು 1992ರ ಮಾತು. ನಿನಗೆ ಏಳು ವರ್ಷವಾಗಿದ್ದಾಗ ನಾನು ನಾಲ್ಕು ತಿಂಗಳು ದಕ್ಷಿಣದಲ್ಲಿರಲಿಲ್ಲ. ಆಗಲೂ ಒಳಗಿದ್ದೆ. ಇಲ್ಲದ ಫ್ಯಾನುಗಳಿಗೆ ಮುಂಗಡ ತೆಗೆದುಕೊಂಡಿದ್ದೆ. ಕೊಮೊದೊರೊವನ್ನು ನಾನು ಈವರೆಗೆ ನೋಡಿಲ್ಲ. ಒಂಬತ್ತು ಸಂಸಾರಗಳದ್ದು ನನ್ನ ಮೊದಲ ತಪ್ಪು, ಒಂದು ಸಲ ಕಾಲು ಜಾರಿತು ಎಂದು ಕೋರ್ಟಿನಲ್ಲಿ ನಿನ್ನೆದುರೇ ಹೇಳಿದೆನಲ್ಲ, ಅದು ಸುಳ್ಳು.

ಪಾಠ ಸರಿಯಾಗಿಯೇ ಇತ್ತು. ಹಳೆಯದು ಉಳಿದಿದೆ. ಅವಳು ನನ್ನನ್ನು ಮರೆತಿಲ್ಲ. ಆದರೆ ಅವಳು ನೆನಪಿಟ್ಟಿರುವವನಿಗೆ ಮೂವತ್ತಾರು ವರ್ಷ, ತಲೆ ತುಂಬ ಕಪ್ಪು ಕೂದಲು. ಈ ನರೆತ ಮುದುಕನನ್ನು ಅವಳು ಎಂದೂ ಕಂಡಿಲ್ಲ. ಲೆಕ್ಕ ಹಾಕುವಾಗ ನನಗೂ ವಯಸ್ಸಾಗಿದೆ ಎನ್ನುವುದೊಂದನ್ನು ಬಿಟ್ಟಿದ್ದೆ.

"ನಿಮ್ಮ ಗಂಡ ಒಳ್ಳೆಯವನಾ?" ಎಂದು ಕೇಳಿದೆ.

ಯೋಚಿಸಿದಳು. "ಮಾತು ಜಾಸ್ತಿ. ಮಾತು ನಿಂತಾಗ ಒಳ್ಳೆಯವನು. ಇನ್ಮೇಲೆ ಹೋಗಲ್ಲ ಅಂತ ಆಣೆ ಮಾಡಿದಾನೆ."

"ನಂಬ್ತೀರಾ?"

"ನಂಬದೆ ಏನ್ ಮಾಡ್ಲಿ? ನೀವೇ ಹೇಳಿ."

ಎರಡು ಸಲ ಬಾಯಿ ತೆರೆದೆ, "ನೆಲಿಡಾ, ನಾನೇ" ಎನ್ನಲು. ಹೇಳಿದ್ದರೆ ಏನಾಗುತ್ತಿತ್ತು? ಆಣೆ ಮಾಡಿದವನು ಮತ್ತೆ ಹೋದ, ಮುದುಕನಾಗಿ ಪೊಲೀಸರ ಜೊತೆ ಬಂದು ಕೂತಿದ್ದಾನೆ ಎಂದು ಗೊತ್ತಾಗುತ್ತಿತ್ತು. ಅವಳ ಪಾಲಿಗೆ ಇನ್ನೂ ಬರೋ ವಾರ ಎನ್ನುವುದೊಂದಿದೆ. ಅದನ್ನು ಕಿತ್ತುಕೊಳ್ಳಲಾಗಲಿಲ್ಲ. ಉಳಿದ ಹೊತ್ತೆಲ್ಲ ನಾವಿಬ್ಬರೂ ಕಿಟಕಿಯಾಚೆ ನೋಡುತ್ತ ಅವನಿಗಾಗಿ ಕಾದೆವು.

ಐದಕ್ಕೆ ಪೊಲೀಸ್ ಬಂದು "ಟೈಮಾಯ್ತು, ಏಳಿ" ಎಂದ. ಅವಳು ನನ್ನ ತೋಳು ಮುಟ್ಟಿದಳು. "ಇನ್ನೊಂದ್ಸಲ ಬನ್ನಿ. ಅಷ್ಟೊತ್ತಿಗೆ ಅವ್ನೂ ಬಂದಿರ್ತಾನೆ."

ಇಷ್ಟೇ ನಡೆದದ್ದು. ಕೊಮೊದೊರೊ ವಿಷಯ ಮುಚ್ಚಿಡಬಹುದಿತ್ತು, ಅವಳಂತೂ ನಿನಗೆ ಹೇಳುವುದಿಲ್ಲ. ಇದನ್ನು ಓದಿದ ಮೇಲೆ ನೀನು ಮತ್ತೆ ಬರೆಯದಿದ್ದರೆ ಅರ್ಥವಾಗುತ್ತದೆ.

ಎವಾರಿಸ್ಟೊ


ಡಿಸೆಂಬರ್ 9

ಅಪ್ಪ,

ಕೊಮೊದೊರೊದ ಕಾಗದಗಳು ಒಟ್ಟು ಹದಿನಾರು. ಪ್ರತಿ ಭಾನುವಾರ ಒಂದು. ಅಮ್ಮ ಮೇಜಿನ ಆಚೆ ಕೂತು ದನಿ ದಪ್ಪ ಮಾಡಿ ಓದುತ್ತಿದ್ದಳು. ಎರಡನೆಯ ಭಾನುವಾರ ಕಾಗದ ಮೇಜಿನ ಮೇಲಿತ್ತು, ತೆಗೆದು ನೋಡಿದೆ. ನನ್ನ ಶಾಲೆಯ ಪುಸ್ತಕಗಳ ಮೇಲೆ ಹೆಸರು ಬರೆದುಕೊಟ್ಟವಳು ಅವಳೇ. ಆ ಅಕ್ಷರ ನನಗೆ ಗೊತ್ತಾಗದೆ ಇರುತ್ತದೆಯೇ? ನೀನು ಎಲ್ಲಿದ್ದೀಯ ಎಂದು ಶಾಲೆಯ ಅಂಗಳದಲ್ಲಿ ಬೇರೆ ಹುಡುಗಿಯರೂ ಹೇಳಿದ್ದರು.

ನಾನು ಸುಮ್ಮನಿದ್ದೆ. ಆ ಕಾಗದ ಓದುವಾಗ ಮಾತ್ರ ಅವಳು ನಗುತ್ತಿದ್ದಳು. ಉಳಿದ ಹದಿನಾಲ್ಕು ಭಾನುವಾರವೂ ಸಮುದ್ರ ಸಿಂಹದ ವಿಷಯ ಹೊಸ ಹೊಸ ಪ್ರಶ್ನೆ ಕೇಳಿದೆ, ಅವಳು ಇನ್ನೂ ಬರೆಯಲಿ ಎಂದು. ಇಪ್ಪತ್ತೆರಡು ವರ್ಷ ಇದನ್ನು ಅವಳಿಗೆ ಹೇಳಬೇಕು ಹೇಳಬೇಕು ಎಂದುಕೊಂಡೆ. ಇನ್ನು ಹೇಳಿದರೆ ಕೇಳಿಸಿಕೊಳ್ಳುವವಳು ಯಾರು? ನಿನಗೆ ಹೇಳುತ್ತಿದ್ದೇನೆ. ಬೇರೆ ಯಾರೂ ಉಳಿದಿಲ್ಲ.

ಕೋರ್ಟಿನಲ್ಲಿ ನೀನು ಮೊದಲ ತಪ್ಪು ಎಂದಾಗ ಎದ್ದು ಹೋದೆನಲ್ಲ, ಅದಕ್ಕೇ.

ನ್ಯಾಯಾಧೀಶರ ಕಚೇರಿಗೆ ಮತ್ತೆ ಹೋಗಿದ್ದೆ. ಜನವರಿ 17, ಅದೇ ಹೊತ್ತು. ಅಮ್ಮ ಈಗಲೂ ಸಂಜೆ ಐದಕ್ಕೆ ಕಿಟಕಿಯ ಹತ್ತಿರ ಹೋಗುತ್ತಾಳೆ, ಆದರೆ ಕೆಲವು ದಿನದಿಂದ ಹೆಸರು ಬಾಯಿಗೆ ಬರುತ್ತಿಲ್ಲ. "ಬಂದ್ನಾ?" ಎನ್ನುತ್ತಾಳೆ, ಅಷ್ಟೇ. ಯಾರು ಎಂದರೆ ನನ್ನ ಮುಖ ನೋಡುತ್ತಾಳೆ.

ಹದಿನೇಳನೆಯ ತಾರೀಕು ಯಾರು ಬರುತ್ತಾರೆ ಎಂದು ಅವಳಿಗೆ ಹೇಳಲಿ?

ಸಬೀನಾ